ಆಗುತ್ತಣ್ಣನ ಬಾಯಲ್ಲಿ ಬಂದ ‘ಆಗಲ್ಲ’

ಹೆತ್ತವರು ಇಟ್ಟ ಹೆಸರು ಅವನಿಗೇ ಅಪರಿಚಿತವಾಗುವಷ್ಟು ಕಾಲದಿಂದ ಅವನು ಆಗುತ್ತಣ್ಣ. ರೇಸಿನಲ್ಲಿ ಬಿದ್ದು, ಬೈಕಿನ ಹೊರಮೈಯನ್ನು ಚೂರುಚೂರಾಗಿ ಗೋಣಿಚೀಲಕ್ಕೆ ತುಂಬಿಕೊಂಡು ಬಂದವರು ಅಳುಮೋರೆ ಹಾಕಿ “ಅಣ್ಣಾ, ಇದು ಆಗುತ್ತಾ?” ಎಂದು ಕೇಳಿದರೆ, ಚೀಲದ ಬಾಯಿ ಬಿಚ್ಚುವ ಮೊದಲೇ “ಆಗುತ್ತೆ, ಇಟ್ಟು ಹೋಗು” ಎನ್ನುತ್ತಿದ್ದ. ಆಮೇಲೆ ಬಿಚ್ಚಿ ನೋಡಿ ತಲೆ ಕೆರೆದುಕೊಳ್ಳುವುದು ಅವನ ಪಾಡು. ಆದರೆ ಆಗುತ್ತೆ ಎಂದದ್ದು ಆಗದೆ ಹೋದದ್ದಿಲ್ಲ.

ಅವನದು ತಗಡಿನ ಶೆಡ್ಡು. ಗೋಡೆಯ ಮೇಲೆ ಬೈಕಿನ ಮೂತಿ, ಪಕ್ಕೆ, ಹೊಟ್ಟೆಗಳ ಅಚ್ಚುಗಳು ನೇತಾಡುತ್ತಿದ್ದವು. ರೇಸಿಗೆ ಹೋಗುವವರು ಕಂಪನಿಯ ಮೈಯನ್ನು ಬಿಚ್ಚಿ, ಬಟ್ಟೆ ಸುತ್ತಿ ಮನೆಯಲ್ಲಿಡುತ್ತಾರೆ. ಒಮ್ಮೆ ಜಾರಿದರೆ ಅದು ಹೋದಂತೆಯೇ, ಮತ್ತೆ ಕೊಳ್ಳುವುದೆಂದರೆ ಬೈಕನ್ನೇ ಅರ್ಧ ಕೊಂಡಂತೆ. ಅದರ ಜಾಗಕ್ಕೆ ಆಗುತ್ತಣ್ಣ ಗಾಜಿನ ನೂಲಿನ ಹಾಸನ್ನು ಅಚ್ಚಿನಲ್ಲಿ ಹರಡಿ, ಬ್ರಷ್ಷಿನಿಂದ ರೆಸಿನ್ ಅಂಟು ಕುಡಿಸಿ, ಒಣಗಿಸಿ ಬೇರೆ ಮೈ ಮಾಡಿಕೊಡುತ್ತಿದ್ದ. ಗಾಜಿನ ಪುಡಿ ಕೈಗೆ ಹೊಕ್ಕು ವರ್ಷವಿಡೀ ನವೆ. ಅಂಟಿನ ವಾಸನೆ ಉಂಡ ತಟ್ಟೆಗೂ ಹತ್ತಿಕೊಂಡಿರುತ್ತಿತ್ತು.

ಹೊಸಬರು ಯಾವುದು ಕೊಳ್ಳಲಿ ಎಂದು ಕೇಳಿದರೆ ಪಾಠವೇ ಶುರುವಾಗುತ್ತಿತ್ತು. “ಬಣ್ಣ ನೋಡ್ಬೇಡ. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು. ತಿರುವಿ ಹಾಕಿ ಒಳಗಡೆ ನೋಡು. ಸ್ಕ್ರೂ ಕೂರೋ ತೂತಿನ ಸುತ್ತ ಇನ್ನೊಂದು ಪದರ ಹಾಕಿದಾರಾ? ಅಂಚು ಹಿಡಿದು ಬಗ್ಗಿಸು, ಬಗ್ಗಿ ವಾಪಸ್ ಬರ್ಬೇಕು. ಹಗುರ ಹಗುರ ಅಂತ ಕುಣೀಬೇಡ, ಮೊದಲು ನಿನ್ನ ಹೊಟ್ಟೆ ಇಳಿಸ್ಕೋ.” ಸೋತು ಬಂದು ಮೈ ಭಾರವಿತ್ತು ಎಂದು ದೂರುವವರಿಗೆ “ಕುಣೀಲಾರದವಳು ನೆಲ ಡೊಂಕು ಅಂದಳಂತೆ” ಎಂದು ಬಾಯಿ ಮುಚ್ಚಿಸುತ್ತಿದ್ದ. ಹೊಸದು ಮಾರುವುದಕ್ಕಿಂತ ಹಳೆಯದನ್ನೇ ಒಳಗಿನಿಂದ ತೇಪೆ ಹಾಕಿ ಎಬ್ಬಿಸುವುದು ಅವನಿಗೆ ಹೆಚ್ಚು ಇಷ್ಟ. ಬಿದ್ದದ್ದು ಎದ್ದು ನಿಲ್ಲಬೇಕು ಅನ್ನುವುದು ಅವನ ಹಟ. ಹೆಂಡತಿಯನ್ನು ಮಾತ್ರ ಹಾಗೆ ಎಬ್ಬಿಸಿಕೊಳ್ಳಲಾಗಲಿಲ್ಲ, ಮಗಳು ನಡೆಯಲು ಕಲಿಯುವ ಮೊದಲೇ ಆಕೆ ಹೋಗಿಬಿಟ್ಟಳು. ಕೂಸನ್ನು ಬೈಕಿನ ಹೊಟ್ಟೆಯ ಅಚ್ಚಿನಲ್ಲಿ ಹಳೆ ಕಂಬಳಿ ಹಾಸಿ ಮಲಗಿಸಿ ಕೆಲಸ ಮಾಡಿದವನು ಅವನು.

ಅಳಿಯ ಬಂದದ್ದೂ ಹೀಗೆ ಗೋಣಿಚೀಲ ಹೊತ್ತುಕೊಂಡೇ. ನಗುಮುಖ, ಹರಕು ಜಾಕೆಟ್ಟು, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಪದೇ ಪದೇ ಬಿದ್ದ, ಪದೇ ಪದೇ ಬಂದ. ಮಗಳು ಚಹಾ ಕೊಡುತ್ತಾ “ಇವತ್ತೇನು ಮುರ್ಕೊಂಡ್ರಿ?” ಎಂದು ಕಾಲೆಳೆಯುತ್ತಿದ್ದಳು. ಇಬ್ಬರ ನಗು ಕೇಳಿ ಆಗುತ್ತಣ್ಣ ತಾನಾಗಿಯೇ ಮದುವೆ ಮಾಡಿಸಿದ. ಆಗ ಅವನಿಗೆ ಅದು ಒಳ್ಳೆಯ ಕೆಲಸವಾಗಿಯೇ ಕಂಡಿತ್ತು.

ಕಳೆದ ಸಲ ಬಿದ್ದಾಗ ಬೈಕು ಅಳಿಯನ ಬಲಗೈ ಮೇಲೆಯೇ ಉರುಳಿತು. ಮೂಳೆ ಕೂಡಿತು. ಎರಡು ಬೆರಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಆದರೂ ಮುಂದಿನ ರೇಸಿಗೆ ಹೆಸರು ಕೊಟ್ಟುಬಂದ. ಚೀಲ ಶೆಡ್ಡಿಗೆ ಬರುವ ಮೊದಲು ಒಂದು ಮಧ್ಯಾಹ್ನ ಮಗಳು ಬಂದಳು. ಬಂದವಳು ಕೂರಲಿಲ್ಲ.

“ಅಪ್ಪ, ಅವರು ನಾಳೆ ಬರ್ತಾರೆ. ಈ ಸಲ ಆಗಲ್ಲ ಅನ್ನು.”

“ನೋಡದೇನೇ ಹೇಗಮ್ಮ ಅನ್ನಲಿ?”

“ನೋಡಿ, ಆಮೇಲೆ ಅನ್ನು. ಮೈ ಇಲ್ಲದೆ ಬೈಕನ್ನ ರೇಸಿನೊಳಗೆ ಬಿಡಲ್ವಂತೆ. ಎಂಜಿನ್ ಒಡೆದ್ರೆ ಎಣ್ಣೆ ಹಿಡಿಯೋಕೆ ಕೆಳಗಿನ ಹೊಟ್ಟೆ ಇರ್ಲೇಬೇಕಂತೆ. ಹೊಸದು ಕೊಳ್ಳೋ ಶಕ್ತಿ ನಮಗಿಲ್ಲ. ನೀನು ಆಗಲ್ಲ ಅಂದ್ರೆ ಅಲ್ಲಿಗೆ ಮುಗೀತು.”

“ನನ್ನ ಬಾಯಲ್ಲಿ ಆ ಮಾತು…”

“ಬೆಳಿಗ್ಗೆ ಅವರ ಅಂಗಿ ಗುಂಡಿ ನಾನು ಹಾಕ್ತೀನಪ್ಪ. ಆ ಕೈಯಲ್ಲಿ ಹೋಗಿ ಬ್ರೇಕ್ ಹಿಡೀತಾರಂತೆ. ನಾನು ನಿನ್ನ ಹತ್ರ ಇಷ್ಟು ವರ್ಷದಲ್ಲಿ ಏನು ಕೇಳಿದೀನಿ ಹೇಳು.”

ಏನೂ ಕೇಳಿರಲಿಲ್ಲ. ಅದೇ ಅವನನ್ನು ಹಿಂಡಿದ್ದು.

ಮರುದಿನ ಅಳಿಯ ಚೀಲ ಸುರಿದ. ಮೂತಿ ಮೂರು ಹೋಳು, ಎಡಪಕ್ಕೆ ಉಜ್ಜಿ ಸವೆದು ಒಳಗಿನ ನೂಲು ಕಾಣುತ್ತಿತ್ತು, ಹೊಟ್ಟೆಯಲ್ಲೊಂದು ಬಿರುಕು. ಕಣ್ಣುಮುಚ್ಚಿ ಮಾಡುವಂಥ ಕೆಲಸ. ಆಗುತ್ತಣ್ಣ ಒಂದೊಂದೇ ಹೋಳನ್ನು ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ನೆಲಕ್ಕಿಟ್ಟ.

“ಇದು ಆಗಲ್ಲ, ಅಳಿಯಂದ್ರೇ.”

ಅಳಿಯ ನಕ್ಕ, ತಮಾಷೆಯೆಂದುಕೊಂಡು. ಮಾವ ನಗಲಿಲ್ಲ. “ನೀವೇ ಆಗಲ್ಲ ಅಂದ್ರೆ ಆಗಲ್ಲ ಬಿಡಿ, ಮಾವ” ಎಂದ ಅಳಿಯ. ಮರುಮಾತಿಲ್ಲದೆ ನಂಬಿಬಿಟ್ಟ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಳಿಯ ಬಿಟ್ಟುಹೋದ ಹೋಳುಗಳನ್ನು ಎಸೆಯಲು ಆಗುತ್ತಣ್ಣನಿಗೆ ಕೈ ಬರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದನ್ನು ನೋಡುತ್ತಾ ಇರಲೂ ಆಗಲಿಲ್ಲ. ಒಂದು ದಿನ ಮೂತಿಯ ಹೋಳುಗಳನ್ನು ಸುಮ್ಮನೆ ಹೊಂದಿಸಿ ನೋಡಿದ. ಇನ್ನೊಂದು ದಿನ ಒಳಗಿನಿಂದ ಹಾಸು ಹಾಕಿದ. ಯಾರಿಗೂ ಕೊಡುವುದಿಲ್ಲವಲ್ಲ, ಕೈಗೆ ಕೆಲಸ, ಅಷ್ಟೇ ಎಂದುಕೊಂಡ. ಮನುಷ್ಯ ತನ್ನ ಕಿವಿಗೆ ತಾನೇ ಹೂವಿಟ್ಟುಕೊಳ್ಳುವುದು ಹೀಗೆ. ಪೂರ್ತಿ ಆದದ್ದನ್ನು ಟಾರ್ಪಾಲಿನ ಕೆಳಗೆ ಮುಚ್ಚಿಟ್ಟ.

ಮಗಳ ಮನೆಯಲ್ಲಿ ಸ್ವಲ್ಪ ದಿನ ನೆಮ್ಮದಿಯಿತ್ತು. ರೇಸಿಗೆ ಇನ್ನೇನು ಹತ್ತಿರ ಬಂತು ಅನ್ನುವಾಗ ಅಳಿಯ ಬೈಕನ್ನೇ ತಳ್ಳಿಕೊಂಡು ಶೆಡ್ಡಿಗೆ ಬಂದ. ಸೀಟಿನ ಮೇಲೆ ದೊಡ್ಡ ಡಬ್ಬ. ಎಲ್ಲಿಂದಲೋ ತರಿಸಿದ ಅಗ್ಗದ ಮೈ, ಕನ್ನಡಿಯಂತೆ ಹೊಳೆಯುತ್ತಿತ್ತು.

“ತೂತು ಒಂದೂ ಕೂರ್ತಿಲ್ಲ ಮಾವ. ಸ್ವಲ್ಪ ಕೊರೆದು ಕೂರಿಸ್ಕೊಡಿ.”

ಆಗುತ್ತಣ್ಣ ಅದನ್ನು ತಿರುವಿದ. ಒಳಗೆ ಒಂದೇ ಪದರ. ಅಂಚು ಹಿಡಿದು ಬಗ್ಗಿಸುತ್ತಲೇ ಬಿಸ್ಕತ್ತಿನ ಹಾಗೆ ಲಟಕ್ಕೆಂದು ಮುರಿಯಿತು. ಮುರಿದ ಅಂಚು ಚೂರಿಯಷ್ಟು ಹರಿತವಾಗಿತ್ತು. ಇನ್ನು ಹೊಟ್ಟೆಭಾಗ ಓಟದ ಮಧ್ಯೆ ಕಳಚಿ ಚಕ್ರದ ಕೆಳಗೆ ಹೋದರೆ ಕೇಳುವುದೇ ಬೇಡ.

“ಇದನ್ನ ಹಾಕ್ಕೊಂಡು ಹೋಗ್ಬೇಡಿ. ಬಿದ್ರೆ ಇದೇ ನಿಮ್ಮನ್ನ ಕುಯ್ಯುತ್ತೆ.”

“ನನ್ನ ಕೈಗೆ ಎಟುಕಿದ್ದು ಇದೇ ಮಾವ. ನೀವು ಮಾಡ್ಕೊಡದಿದ್ರೆ ತಂತಿ ಕಟ್ಕೊಂಡು ಹೋಗ್ತೀನಿ.”

“ಹೋಗ್ಲೇಬೇಕಾ?”

“ಬೈಕಿನ ಮೇಲೆ ಕೂತಾಗ ಮಾತ್ರ ನನ್ನ ಕೈ ನೆಟ್ಟಗಿದೆ ಅನ್ಸುತ್ತೆ.”

ಅತ್ತ ದರಿ, ಇತ್ತ ಪುಲಿ. ತಾನು ಸುಳ್ಳು ಹೇಳಿ ಮುಚ್ಚಿದ ದಾರಿ ಅಳಿಯನನ್ನು ಇದಕ್ಕಿಂತ ಕೆಟ್ಟ ದಾರಿಗೆ ತಳ್ಳಿತ್ತು. ಆಗುತ್ತಣ್ಣ ಒಳಗೆ ಹೋಗಿ ಟಾರ್ಪಾಲು ಸರಿಸಿದ.

ಅಳಿಯ ತನ್ನ ಹಳೆಯ ಮೈಯನ್ನು ನೋಡಿ, ಒಳಗಿನ ತೇಪೆಗಳ ಮೇಲೆ ಕೈಯಾಡಿಸಿದ. ಹೊಸದಕ್ಕಿಂತ ಗಟ್ಟಿಯಾಗಿತ್ತು.

“ಆಗಲ್ಲ ಅಂದಿದ್ರಿ.”

“ಅಂದಿದ್ದೆ.”

“ಅವಳು ಹೇಳಿಸಿದ್ಲಾ?”

ಆಗುತ್ತಣ್ಣ ಸ್ಕ್ರೂಗಳ ಡಬ್ಬಿ ಹುಡುಕುವ ನೆಪ ಮಾಡಿದ. ಅಳಿಯ ಮುಂದೆ ಕೇಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಆದರೆ ಎಂದಿನ ಸಲಿಗೆಯ ನಗು ಅವನ ಮುಖದಲ್ಲಿರಲಿಲ್ಲ. ಇನ್ನು ಮುಂದೆ ಮಾವ ಏನು ಹೇಳಿದರೂ ಇವನು ಒಂದು ಗಳಿಗೆ ಯೋಚಿಸಿಯೇ ನಂಬುತ್ತಾನೆ ಎಂದು ಆಗುತ್ತಣ್ಣನಿಗೆ ಅರ್ಥವಾಯಿತು.

ಮೂತಿ ಕೂರಿಸಿ, ಪಕ್ಕೆ ಕೂರಿಸುತ್ತಿರುವಾಗ ಮಗಳು ಅಪ್ಪನಿಗೆ ಊಟದ ಡಬ್ಬಿ ಹಿಡಿದು ಬಂದಳು. ಬಾಗಿಲಲ್ಲೇ ನಿಂತಳು. ಬೈಕನ್ನು ನೋಡಿದಳು, ಗಂಡನನ್ನು ನೋಡಿದಳು, ಮಂಡಿಯೂರಿ ಕೂತು ಸ್ಕ್ರೂ ತಿರುಗಿಸುತ್ತಿದ್ದ ಅಪ್ಪನನ್ನು ನೋಡಿದಳು. ಯಾವ ಮೈ ಅದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅಮ್ಮಾ, ಅವರು ಬೇರೆ ಯಾವುದೋ ಕೆಟ್ಟದ್ದನ್ನ ತಂದಿದ್ರು. ಅದನ್ನ ಹಾಕ್ಕೊಂಡು ಹೋಗೋದಕ್ಕಿಂತ…” ಎಂದು ಆಗುತ್ತಣ್ಣ ಎದ್ದ. ಮುರಿದ ಅಂಚನ್ನು ತೋರಿಸಲು ಹುಡುಕಿದ. ಕೈಗೆ ಸಿಗಲಿಲ್ಲ.

ಅವಳು ಕೂಗಾಡಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

“ಇಷ್ಟು ವರ್ಷ ಇವರಾಗೇ ಹೋಗ್ತಿದ್ದಾರೆ ಅಂದ್ಕೊಂಡಿದ್ದೆ ಅಪ್ಪ” ಎಂದಳು. “ಪ್ರತಿ ಸಲ ರಿಪೇರಿ ಮಾಡಿ ಕಳಿಸ್ತಿದ್ದವನು ನೀನು.”

ಅವಳು ಹೊರಟುಹೋದಳು. ಆಗುತ್ತಣ್ಣ ಬಾಗಿಲವರೆಗೆ ಹೋದ. ಅವಳು ರಸ್ತೆ ದಾಟಿ, ತಿರುಗಿ ನೋಡದೆ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಿದ್ದಳು. ಕೂಗಿ ಕರೆಯಬೇಕೆನಿಸಿತು. ಕರೆಯಲಿಲ್ಲ.

ಹಿಂದಿನಿಂದ ಅಳಿಯ ಮೆಲ್ಲಗೆ ಅಂದ, “ಮಾವ, ಈ ಕಡೆ ನಾನು ಹಿಡ್ಕೊಂಡಿದೀನಿ. ನೀವು ಬಿಗೀರಿ.”

ಆಗುತ್ತಣ್ಣ ಬಂದು ಮಂಡಿಯೂರಿ ಕೂತು ಬಿಗಿದ.