ಅಹಮದಸಾಬರ ಮೊದಲ ತಂಬಿಗೆ

ಕೊಟ್ಟೂರಿನಲ್ಲಿ ಮೋಟರ್ ಸುಟ್ಟುಹೋದರೆ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಯಾರಾದರೊಬ್ಬರು ಬೈಕ್ ಏರಿ ಬರುತ್ತಾರೆ. ಕೈಪಂಪು ಕೆಟ್ಟರೆ ಮಾತ್ರ ಅಹಮದಸಾಬರೇ ಬರಬೇಕು. ಅರವತ್ತರ ಹತ್ತಿರದ ವಯಸ್ಸು, ಮೊಣಕೈವರೆಗೆ ಮಡಚಿದ ಅಂಗಿ, ಗಾಡಿಯ ಹಿಂದೆ ಕಟ್ಟಿದ, ನಟ್ಟು ಬಿಚ್ಚುವ ಪಾನಾಗಳ ಚೀಲ. ಬಂದವರು ಏನಾಗಿದೆ ಎಂದು ಕೇಳುವುದಿಲ್ಲ. ಹಿಡಿಕೆ ಹಿಡಿದು ನಾಲ್ಕು ಸಲ ಒತ್ತುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಆಮೇಲೆ ರೋಗ ಹೇಳುತ್ತಾರೆ. ಹೇಳುವಾಗ ಮುಲಾಜಿಲ್ಲ. ಬಜಾರದ ದೊಡ್ಡ ವ್ಯಾಪಾರಿಯೊಬ್ಬರಿಗೆ, ಪಂಪಿಗೆ ಏನೂ ಆಗಿಲ್ಲ, ನಿಮ್ಮ ಮನೆಯಲ್ಲಿ ಯಾರಿಗೂ ತಾಳ್ಮೆಯಿಲ್ಲ ಎಂದು ಹೇಳಿ ಎದ್ದು ಬಂದಿದ್ದರಂತೆ. ಆ ವ್ಯಾಪಾರಿ ಮುಂದಿನ ಸಲವೂ ಅವರನ್ನೇ ಕರೆಸಿದರು. ಸುಳ್ಳು ಹೇಳಲು ಬಾರದವರನ್ನು ಬೈಯಬಹುದು, ಬಿಡುವುದು ಕಷ್ಟ.

ಅವರದೊಂದು ಪದ್ಧತಿ ಇದೆ. ಪಂಪು ಕೂಡಿಸಿ, ತುಕ್ಕಿನ ನೀರೆಲ್ಲ ಚೆಲ್ಲಿದ ಮೇಲೆ, ಮೊದಲ ತಂಬಿಗೆ ನೀರನ್ನು ತಾವೇ ಕುಡಿಯುತ್ತಾರೆ. ಮನೆಯವರು ಆಮೇಲೆ. ತಾನು ಕೂಡಿಸಿದ ಪಂಪಿನ ನೀರನ್ನು ತಾನೇ ಕುಡಿಯದಿದ್ದರೆ ಮಂದಿ ಯಾಕೆ ಕುಡಿಯಬೇಕು ಎಂಬುದು ಅವರ ಮಾತು. ಆ ತಂಬಿಗೆಯನ್ನು ಮನೆಯವರೇ ತುಂಬಿ ಕೈಗೆ ಕೊಡಬೇಕು.

ಇಂಥ ಮನುಷ್ಯನ ಮಾತನ್ನು ನಾನು ಸುಳ್ಳು ಮಾಡಿಸಿದೆ. ಅವರ ಬಗ್ಗೆ ಬರೆಯಬೇಕೆಂದೇ ಕುಳಿತಿದ್ದೇನೆ, ಆದರೆ ನನ್ನನ್ನು ಬದಿಗಿಟ್ಟು ಬರೆಯಲು ಬರುವುದಿಲ್ಲ.

ನಾನು ಸುಮಲತಾ, ಕಿರಾಣಿ ಅಂಗಡಿಯ ಏಕಾಂತಪ್ಪನವರ ಸೊಸೆ. ಮಾವ ಮತ್ತು ನನ್ನ ಗಂಡ ಏಳಕ್ಕೆಲ್ಲ ಅಂಗಡಿಗೆ ಹೋಗುತ್ತಾರೆ, ಮಗಳು ಶಾಲೆಗೆ. ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ ನೀಲಗಂಗಮ್ಮ. ಅತ್ತೆಗೆ ಎಪ್ಪತ್ನಾಲ್ಕು. ನಳದ ನೀರು ಅಡಿಗೆಗೆ ಆಗುತ್ತದೆ, ಲಿಂಗಪೂಜೆಗೆ ಆಗುವುದಿಲ್ಲ, ಅದಕ್ಕೆ ಔಷಧದ ವಾಸನೆ. ಪೂಜೆಗೆ ಹಿತ್ತಲ ಬಾವಿಯದೇ ಬೇಕು, ಅದನ್ನೂ ಅವರೇ ಸೇದಬೇಕು. ಮೋಟರ್ ಇಳಿಸಿ ನೋಡಿದ್ದೆವು, ಕಾಲು ಗಂಟೆಯಲ್ಲಿ ಬಾವಿಯ ತಳದ ಕೆಸರು ಮೇಲೆ ಬಂತು. ಹೋದ ವರ್ಷ ಒದ್ದೆ ಕಲ್ಲಿನ ಮೇಲೆ ಜಾರಿ ಅತ್ತೆಯ ಮುಂಗೈ ಮುರಿಯಿತು. ಪಟ್ಟಿ ಬಿಚ್ಚಿದ ಮರುದಿನ ಮತ್ತೆ ಹಗ್ಗ ಹಿಡಿದರು. ಆಗ ನಾನೇ ಹಟ ಮಾಡಿ ಅಹಮದಸಾಬರನ್ನು ಕರೆಸಿದೆ.

ಕೈಪಂಪಿನ ಹೊಟ್ಟೆಯೊಳಗೆ ಬಟ್ಟಲಿನಾಕಾರದ ಒಂದು ವಾಶರ್ ಇರುತ್ತದೆ. ಅದು ಗೋಡೆಗೆ ಒತ್ತಿಕೊಂಡು ಮೇಲೇರಿದಾಗ ನೀರು ಏರುತ್ತದೆ. ಅಹಮದಸಾಬರ ತಂದೆ ಅದನ್ನು ಎಮ್ಮೆ ತೊಗಲಿನಿಂದ ತಾವೇ ಮಾಡುತ್ತಿದ್ದರು. ತೊಗಲನ್ನು ನೆನೆಸಿ, ಕಟ್ಟಿಗೆಯ ಅಚ್ಚಿಗೆ ಒತ್ತಿ, ಒಣಗಿಸಿ, ಎಣ್ಣೆಯಲ್ಲಿ ಅದ್ದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಮಗನೂ ಅದೇ ಕೆಲಸ ಕಲಿತವರು, ರಬ್ಬರ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ. ಆದರೆ ಅತ್ತೆ ಮೊದಲೇ ಷರತ್ತು ಹಾಕಿದರು.

"ಅಹಮದ, ಇದರಾಗ ತೊಗಲು ಇರ್ತೈತಂತ. ತೊಗಲು ಮುಟ್ಟಿದ ನೀರು ನಾ ಲಿಂಗಕ್ಕ ಹಾಕಂಗಿಲ್ಲ."

"ರಬ್ಬರ್ ಹಾಕ್ತೀನಿ ಅಮ್ಮಾರೆ. ನಾ ಮಾತು ಕೊಟ್ಟೀನಿ, ಚಿಂತಿ ಬಿಡ್ರಿ."

ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿದರು, ನೀರು ಹದಿನೈದು ಅಡಿಯಲ್ಲಿತ್ತು. ಪೈಪಿನ ತುದಿಗೆ ಜಾಲರಿ ಬಿಗಿದು ತಳದಿಂದ ಎರಡು ಮೊಳ ಮೇಲೆ ನಿಲ್ಲಿಸಿದರು. ಬಾವಿಯ ಬಾಯಿಗೆ ಕಲ್ಲಿನ ಚಪ್ಪಡಿ ಹೊದಿಸಿ, ಒಂದು ಬದಿಗೆ ಗಂಗೆಪೂಜೆಗೂ ಕೆಸರು ತೆಗೆಯಲಿಕ್ಕೂ ಕಬ್ಬಿಣದ ಸಣ್ಣ ಮುಚ್ಚಳ ಬಿಟ್ಟರು. ಪಂಪು ಇಟ್ಟಿಗಿ ಊರಿನ ಯಾರದೋ ಮನೆಯಿಂದ ತಂದ ಹಳೆಯದು. ಒಳಗೋಡೆಯಲ್ಲಿ ಗೀರುಗಳಿವೆ, ರಬ್ಬರ್ ಎಷ್ಟು ದಿನ ತಡೆಯುತ್ತದೋ ಎಂದು ಅವತ್ತೇ ಹೇಳಿದ್ದರು. ನೀರು ಬಂದಾಗ ಅತ್ತೆ ತಮ್ಮ ಕೈಯಾರೆ ತಂಬಿಗೆ ತುಂಬಿ ಕೊಟ್ಟರು. ಅಹಮದಸಾಬರು ನಿಂತೇ ಕುಡಿದು, ನೀರು ಸವಿ ಐತಿ ಎಂದರು.

ಇಪ್ಪತ್ತು ದಿನಕ್ಕೆ ರಬ್ಬರ್ ಕತ್ತರಿಸಿಹೋಯಿತು. ಎರಡನೆಯದು ಒಂದು ತಿಂಗಳು ಬಂತು. ಶಿವರಾತ್ರಿ ಕಳೆದು ಬಿಸಿಲೇರಿ ನೀರು ಕೆಳಗಿಳಿದಾಗ ಮೂರನೆಯದೂ ಹೋಯಿತು. ಮೇಲಿಂದ ನೀರು ಹೊಯ್ದು ನಲವತ್ತು ಸಲ ಒತ್ತಿದರೆ ಒಂದು ತಂಬಿಗೆ. ಮುರಿದು ಕೂಡಿದ ಮುಂಗೈಯಲ್ಲಿ ಅತ್ತೆ ಒತ್ತುವುದನ್ನು ನೋಡಲಾಗುತ್ತಿರಲಿಲ್ಲ. ನಾನು ಒತ್ತುತ್ತೇನೆಂದರೆ ಬಿಡುತ್ತಿರಲಿಲ್ಲ.

ಒಂದು ಬೆಳಗ್ಗೆ ಪಂಪಿನ ಸದ್ದು ಕೇಳಲಿಲ್ಲವೆಂದು ಹಿತ್ತಲಿಗೆ ಹೋದೆ. ಅತ್ತೆ ಕಬ್ಬಿಣದ ಮುಚ್ಚಳ ತೆಗೆದು, ಚಪ್ಪಡಿಯ ಮೇಲೆ ಬೋರಲು ಮಲಗಿ, ಎದೆಮಟ್ಟ ಬಾವಿಯೊಳಗೆ ಬಾಗಿ ಹಗ್ಗ ಕಟ್ಟಿದ ತಂಬಿಗೆ ಇಳಿಬಿಡುತ್ತಿದ್ದರು. ಕೂಗಿದರೆ ಬೆಚ್ಚಿ ಜಾರುತ್ತಾರೆಂದು ಬಾಯಿ ಮುಚ್ಚಿಕೊಂಡು ನಿಂತೆ. ಅವರು ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋದ ಮೇಲೆ ಮುಚ್ಚಳ ಎಳೆದು ಮುಚ್ಚಿದೆ. ಅವತ್ತಿನಿಂದ ನನಗೆ ನೆಮ್ಮದಿ ಎಂಬುದು ಇಲ್ಲವಾಯಿತು. ಒಲೆಯ ಮುಂದಿದ್ದರೂ ಕಿವಿ ಹಿತ್ತಲಲ್ಲಿ. ಮುಚ್ಚಳಕ್ಕೆ ಬೀಗ ಹಾಕಿದೆ, ಅತ್ತೆ ಒಂದೇ ಮಾತಿನಲ್ಲಿ ತೆಗೆಸಿದರು. ಅವರಿಗೆ ನೇರವಾಗಿ ಏನೂ ಹೇಳಲಿಲ್ಲ, ಹೇಳುವ ಧೈರ್ಯ ಇರಲಿಲ್ಲ.

ಅತ್ತೆ ಎರಡು ದಿನ ಹಂಪಸಾಗರಕ್ಕೆ, ತಂಗಿಯ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋದರು. ನಾನು ಅಹಮದಸಾಬರನ್ನು ಕರೆಸಿ ತೊಗಲು ಹಾಕಿರೆಂದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು.

"ಅಮ್ಮಾರಿಗೆ ಮಾತು ಕೊಟ್ಟೀನಿ, ಅಕ್ಕಾರೆ."

"ನಿಮ್ಮ ಮಾತು ಉಳೀತೈತಿ ಅಹಮದಣ್ಣಾ, ಅವರು ಬಾವ್ಯಾಗ ಹೋಗ್ತಾರ. ಯಾವುದು ಬೇಕು ನಿಮಗ, ನೀವಽ ಹೇಳ್ರಿ."

ಹಾಗೆ ಕೇಳಬಾರದಿತ್ತು. ಆದರೆ ಭಯ ಹೊಕ್ಕ ಬಾಯಿಗೆ ಹದ ಇರುವುದಿಲ್ಲ. ಅವರು ಮುಚ್ಚಳ ಎತ್ತಿ ಬಾವಿಯೊಳಗೆ ಇಣುಕಿ ನೋಡಿದರು. ಒಳಗೋಡೆಗೆ ಹಿತ್ತಾಳೆ ಇರುವ ಪಂಪು ಸಿಕ್ಕರೆ ರಬ್ಬರ್ ತಡೆಯುತ್ತದೆ, ಹದಿನೈದು ದಿನದಲ್ಲಿ ಹುಡುಕಿ ತರುತ್ತೇನೆ, ಅಲ್ಲಿಯತನಕ ಮಾತ್ರ ಎಂದರು. ಎಣ್ಣೆ ಕೇಳಿದರು. ಅಡಿಗೆಮನೆಯ ಹಿತ್ತಾಳೆ ಬಟ್ಟಲಲ್ಲಿ ಕುಸುಬಿ ಎಣ್ಣೆ ಕೊಟ್ಟೆ. ತೊಗಲು ಅದರಲ್ಲಿ ಅರ್ಧ ದಿನ ನೆನೆದು ಕರ್ರನೆಯ ಬಣ್ಣ ಬಿಟ್ಟಿತು. ಸಂಜೆ ಕೂಡಿಸಿ ಆರು ಸಲ ಒತ್ತಿದರು, ಪಂಪಿನ ಬಾಯಿ ತುಂಬ ನೀರು ಬಂತು. ನಾನು ತಂಬಿಗೆ ತುಂಬಿ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಕೈಗೆ ಎಣ್ಣೆಯಾಗಿದೆ ಎಂದು ಅಂಗೈ ತೋರಿಸಿ, ಚೀಲ ಎತ್ತಿಕೊಂಡು ನಡೆದುಬಿಟ್ಟರು. ಆ ನೀರನ್ನು ನಾನು ದಾಸವಾಳದ ಬುಡಕ್ಕೆ ಹೊಯ್ದೆ.

ಅತ್ತೆ ಬಂದವರು ಬಚ್ಚಲ ಕಲ್ಲಿನ ಮೇಲಿದ್ದ ಬಟ್ಟಲು ನೋಡಿ, ಇದೇಕೆ ಹೀಗೆ ಕರ್ರಗಾಗಿದೆ ಎಂದು ಕೇಳಿದರು. ಮಗಳ ತಲೆಗೆ ಎಣ್ಣೆ ಕಾಯಿಸಿದ್ದೆ ಎಂದೆ. ಆಮೇಲೆ ಪಂಪು ಒತ್ತಿ ನೋಡಿ ಅವರ ಮುಖ ಅರಳಿತು. ಅಹಮದನ ಕೈಗುಣ ಎಂದರು.

ಹದಿನೈದು ದಿನದ ಮಾತು ಎಂಟು ತಿಂಗಳಾಯಿತು. ಬೆಳಗ್ಗೆ ಆರಕ್ಕೆ ಪಂಪಿನ ಸದ್ದು ಬರುತ್ತಿತ್ತು. ಮೊದಲು ಸದ್ದು ಬರದಿದ್ದರೆ ಅಂಜುತ್ತಿದ್ದೆ, ಈಗ ಬಂದರೆ ಅಂಜಿಕೆ. ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಆ ನೀರು ಎರೆಯುವುದನ್ನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ನಾನು ದೊಡ್ಡ ಭಕ್ತಳೇನಲ್ಲ. ಆದರೆ ಅವರ ನಂಬಿಕೆಗೆ ನಾನು ಕೈ ಹಾಕಿದ್ದೆ. ವಿಷಯ ಹೊರಬಿದ್ದರೆ ನನ್ನನ್ನು ನಾಲ್ಕು ದಿನ ಬೈದು ಬಿಡುತ್ತಾರೆ, ಮನೆಯವಳು. ಅಹಮದಸಾಬರ ಮಾತಿಗೆ ಮಾತ್ರ ಓಣಿಯಲ್ಲಿ ಕವಡೆ ಕಿಮ್ಮತ್ತು ಉಳಿಯುವುದಿಲ್ಲ. ಅವರಿಗಿದ್ದ ಆಸ್ತಿ ಅದೊಂದೇ.

ಅವರು ನಮ್ಮ ಓಣಿಯಲ್ಲಿ ಕಾಣಿಸುವುದೇ ನಿಂತಿತು. ಬಜಾರದಲ್ಲಿ ಅತ್ತೆ ಕಂಡು ಕರೆದರೆ ಬರುತ್ತೇನೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಅವರ ಹೆಂಡತಿ ಮೀರಾಬಿ ಸಿಕ್ಕು, ಒಂದು ಹಳೆ ಪಂಪಿಗಾಗಿ ಹರಪನಹಳ್ಳಿ, ಹಡಗಲಿ ಎಂದು ತಿರುಗುತ್ತಾರೆ, ಊಟ ಸೇರುವುದಿಲ್ಲ, ನಿಮಗೇನಾದರೂ ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಒಂದು ಸುಳ್ಳು ಹೇಳಿದವಳಿಗೆ ಮುಂದಿನವು ಸಲೀಸಾಗಿ ಬರುತ್ತವೆ.

ಅಷ್ಟರಲ್ಲಿ ಮೂಲೆಮನೆಯ ಗುರುಬಸಮ್ಮನಿಗೆ ನಮ್ಮಂಥದೇ ಪಂಪು ಬೇಕೆನಿಸಿತು. ಅವರದು ಜಂಗಮ ಅಯ್ಯನವರ ಮನೆ, ಮಡಿಯಲ್ಲಿ ಅತ್ತೆಗಿಂತ ಒಂದು ಕೈ ಮೇಲು. ತೊಗಲಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕೆಂದರು. ಅತ್ತೆ ಹೆಮ್ಮೆಯಿಂದ, ಸೋಮವಾರ ಬನ್ನಿ, ನಮ್ಮ ಅಹಮದ ಬಿಚ್ಚಿ ತೋರಿಸುತ್ತಾನೆ ಎಂದರು. ಅವತ್ತು ಗುರುವಾರ. ನಾನು ಅಹಮದಸಾಬರಿಗೆ ಫೋನ್ ಮಾಡಿದೆ. ಹಡಗಲಿಯಲ್ಲಿ ಹಿತ್ತಾಳೆಯ ಪಂಪು ಸಿಕ್ಕಿದೆ, ಸೋಮವಾರ ಅವರಿಗಿಂತ ಮೊದಲೇ ಬರುತ್ತೇನೆ ಎಂದರು. ಮೂರು ದಿನ ನಾನು ಗಂಟೆಗೆ ನಾಲ್ಕು ಸಲ ಗಡಿಯಾರ ನೋಡಿದೆ ಎಂದರೆ ಕಡಿಮೆಯಾಯಿತು.

ಸೋಮವಾರ ಅತ್ತೆ ಪೂಜೆಗೆ ಕುಳಿತಾಗ ಅಹಮದಸಾಬರು ಬಂದರು. ಅತ್ತೆ ಏಳಲು ಮುಕ್ಕಾಲು ಗಂಟೆ ಬೇಕು, ಬೇಗ ಮುಗಿಸಿರೆಂದೆ. ಹಳೆಯದನ್ನು ಇಳಿಸಿದರು, ಹೊಸದನ್ನು ಕೂಡಿಸಿ ರಬ್ಬರ್ ಹಾಕಿದರು, ಒತ್ತಿದರೆ ನೀರು ಬಂತು. ನನಗೆ ಹೋದ ಜೀವ ಬಂದಂತಾಯಿತು. ಆ ತೊಗಲು ಕೊಡಿ, ಎಸೆದು ಬರುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಅದನ್ನು ಚಪ್ಪಡಿಯ ಮೇಲಿಟ್ಟುಕೊಂಡು ಕುಳಿತರು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಎದ್ದು ಹೋಗಿ ಎಂದು ಬೇಡಿಕೊಂಡೆ.

"ಎಂಟು ತಿಂಗಳು ಈ ಓಣಿ ಬಿಟ್ಟು ಸುತ್ತು ಹಾಕಿ ತಿರುಗೀನಿ ಅಕ್ಕಾರೆ. ಸಾಕಾಗೈತಿ."

ಅತ್ತೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ಅಹಮದಸಾಬರು ಎದ್ದು ನಿಂತು ಎಲ್ಲವನ್ನೂ ಹೇಳಿದರು. ನನ್ನ ಹೆಸರೊಂದನ್ನು ಬಿಟ್ಟು. ಅತ್ತೆ ಆ ತೊಗಲನ್ನೇ ನೋಡುತ್ತಿದ್ದರು.

"ಯಾರು ಹಾಕು ಅಂದ್ರು?"

"ಯಾರೂ ಇಲ್ಲ ಅಮ್ಮಾರೆ. ನಾನಽ."

ನಾನು ಎರಡು ಮಾರು ದೂರದಲ್ಲಿ ಕೊಡ ಹಿಡಿದು ನಿಂತಿದ್ದೆ. ಬಾಯಿ ತೆರೆದಿದ್ದರೆ ಒಂದು ನಿಮಿಷದ ಕೆಲಸ. ತೆರೆಯಲಿಲ್ಲ. ಅತ್ತೆ ಒಳಗೆ ಹೋದರು, ತಂಬಿಗೆ ಹೊರಗೆ ಬರಲಿಲ್ಲ. ಅಹಮದಸಾಬರು ಸ್ವಲ್ಪ ಹೊತ್ತು ಕಾದು, ನೀರು ಕುಡಿಯದೆ ಹೋದರು.

ಗುರುಬಸಮ್ಮ ಬಂದಾಗ ಅತ್ತೆ ಮುಚ್ಚಿಡಲಿಲ್ಲ. ಎಂಟು ತಿಂಗಳು ತೊಗಲಿತ್ತು, ಇವತ್ತು ಅವನೇ ಹೇಳಿದ ಎಂದರು. ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಗೊತ್ತಾಯಿತು. ಕೆಲಸ ಕೊಡಬೇಕೆಂದಿದ್ದ ಎರಡು ಮನೆಯವರು ಬೇಡವೆಂದರಂತೆ. ಗಿರಣಿಯಲ್ಲಿ ಹೆಂಗಸರು, ಅಹಮದಸಾಬನೂ ಇಷ್ಟೇನಾ ಎಂದು ಆಡಿಕೊಂಡಾಗ ನಾನು ಹಿಟ್ಟಿನ ಡಬ್ಬಿಯ ಮುಚ್ಚಳ ಬಿಗಿಮಾಡುತ್ತ ನಿಂತಿದ್ದೆ. ಅತ್ತೆ ಹೊಸ ಪಂಪು ಮುಟ್ಟಲಿಲ್ಲ. ವಾಸನೆ ಬರುವ ನಳದ ನೀರಿನಲ್ಲೇ ಪೂಜೆ ಮಾಡಿದರು. ಯಾಕೆಂದು ಕೇಳಲು ನನಗೆ ಮುಖವಿರಲಿಲ್ಲ.

ಹನ್ನೊಂದನೆಯ ದಿನ ಕಾಳು ಆರಿಸುತ್ತ ಕುಳಿತಿದ್ದೆವು. ಅತ್ತೆ ಮೊರದಿಂದ ತಲೆಯೆತ್ತದೆ ಹೇಳಿದರು.

"ರಬ್ಬರಿಗೆ ಎಣ್ಣಿ ಬೇಕಾಗಂಗಿಲ್ಲಂತ. ಆ ಬಟ್ಟಲ ಕರ್ರಗಾಗಿತ್ತು. ನಾ ಹಂಪಸಾಗರಕ್ಕ ಹೋದಾಗ ಅವಗ ಬಾಗಿಲ ತೆಗೆದಾಕಿ ನೀನು. ನೀನಽ ಹೇಳ್ತಿ ಅಂತ ಹನ್ನೊಂದು ದಿನ ಕಾದೆ, ಸುಮಾ."

ಎಲ್ಲ ಹೇಳಿದೆ. ಅಳು ಬಂತು, ಅಳಲೂ ನಾಚಿಕೆಯಾಯಿತು. ನೀವು ಬಾವಿಗೆ ಬೀಳುತ್ತೀರೆಂದು ಹೆದರಿ ಹಾಗೆ ಮಾಡಿದೆ ಎಂದೆ.

"ಆ ಅಂಜಿಕಿ ನನ್ನ ಮುಂದ ಹೇಳಬೇಕಿತ್ತು. ನಾ ಹಗ್ಗ ಬಿಡ್ತಿದ್ದೆ."

ಅಷ್ಟು ಸಣ್ಣ ಮಾತು. ಅದನ್ನು ಹೇಳಲಾರದೆ ನಾನು ಒಬ್ಬ ಮನುಷ್ಯನ ಹೆಸರು ಕೆಡಿಸಿದ್ದೆ.

ಪಂಪಿನಿಂದ ತಂಬಿಗೆ ತುಂಬಿಸಿಕೊಂಡು ಬಾ ಎಂದರು ಅತ್ತೆ. ಅವರು ಮುಂದೆ, ನಾನು ತುಂಬಿದ ತಂಬಿಗೆ ಹಿಡಿದು ಹಿಂದೆ. ಗುರುಬಸಮ್ಮನ ಮನೆಯ ಮುಂದೆ ನಿಂತು ಅವರನ್ನೂ ಕರೆದರು, ಗಿರಣಿಯ ಹೆಂಗಸರು ತಾವಾಗಿಯೇ ಹೊರಗೆ ಬಂದರು. ಅಹಮದಸಾಬರ ಮನೆ ಮುಟ್ಟಿದಾಗ ಮೀರಾಬಿ ಬಾಗಿಲು ತೆರೆದಳು. ಅಹಮದಸಾಬರು ಅಂಗಳದಲ್ಲಿ ಪೈಪಿಗೆ ತಿರುಪು ಕೊರೆಯುತ್ತಿದ್ದವರು ಎದ್ದರು. ಹೇಳು ಎಂಬಂತೆ ಅತ್ತೆ ನನ್ನ ಕಡೆ ನೋಡಿದರು.

"ತೊಗಲು ಹಾಕ್ರಿ ಅಂತ ಹೇಳಿದಾಕಿ ನಾನು. ಅಹಮದಣ್ಣ ಬ್ಯಾಡ ಅಂದಿದ್ರು. ನನ್ನ ಹೆಸರು ಮುಚ್ಚಿಟ್ರು, ನಾ ಸುಮ್ಮನಿದ್ದೆ," ಎಂದೆ.

ಅತ್ತೆ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಅಹಮದಸಾಬರ ಕೈಗೆ ಕೊಟ್ಟರು. ಅವರು ನಿಂತೇ ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು, ಎಂದಿನ ಹಾಗೆ ಮುಲಾಜಿಲ್ಲದೆ ರೋಗ ಹೇಳಿದರು.

"ತುಕ್ಕು ರುಚಿ ಐತಿ ಅಮ್ಮಾರೆ. ಹನ್ನೊಂದು ದಿನ ಪೈಪಿನ್ಯಾಗ ನಿಂತ ನೀರು ಇದು. ನೂರು ಸಲ ಒತ್ತಿ ಚೆಲ್ರಿ, ಆಮ್ಯಾಲ ಲಿಂಗಕ್ಕ ಹಾಕ್ರಿ."

ಮನೆಗೆ ಬಂದು ನೂರು ಸಲ ಒತ್ತಿದೆ. ಅತ್ತೆ ಚಪ್ಪಡಿಯ ಮೇಲೆ ಕುಳಿತು ಎಣಿಸಿದರು.