ವೆಲ್ಡಿಂಗ್ ಗಾಜಿನ ಹಿಂದಿನ ಹೊಳೆ

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಹಾಲ್‌ನಲ್ಲಿ ಕೂತಿದ್ದ ನನ್ನ ಮೂಗಿಗೆ ಬಡಿದದ್ದೇ ತಡ, ನಾನು ಹರಪನಹಳ್ಳಿಯ ಆ ಸ್ಟುಡಿಯೋದ ಡಾರ್ಕ್‌ರೂಮಿನ ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಕೆಂಪು ಬಲ್ಬು, ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟ ಒದ್ದೆ ಫೋಟೋಗಳು, ಟ್ರೇಯಲ್ಲಿನ ಆಸಿಡ್ಡಿನ ಇದೇ ಹುಳಿ ವಾಸನೆ...

ಆ ಸ್ಟುಡಿಯೋದ ಯಜಮಾನರನ್ನು ನಾವೆಲ್ಲ ಸ್ಟುಡಿಯೋ ಕಾಕಾ ಅನ್ನುತ್ತಿದ್ದೆವು. ಅಪ್ಪನ ಬಾಲ್ಯದ ಗೆಳೆಯರು. ಬಿಳಿ ಧೋತರ, ಬಿಳಿ ಅಂಗಿ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಅದರ ಪಕ್ಕದಲ್ಲೇ ಕ್ಯಾಮೆರಾ. ಪಾಸ್‌ಪೋರ್ಟ್ ಸೈಜು, ಸ್ಕೂಲಿನ ಗ್ರೂಪ್ ಫೋಟೋ, ಮದುವೆ... ಹೊಟ್ಟೆಪಾಡು ಅದರಲ್ಲೇ ನಡೆಯುತ್ತಿತ್ತು. ಮನಸ್ಸು ಮಾತ್ರ ಹೊಳೆಯಲ್ಲಿತ್ತು. ಮಳೆಗಾಲ ಮುಗಿದು ತುಂಗಭದ್ರೆ ತಿಳಿಯಾದಳೆಂದರೆ ಸಾಕು, ಟ್ರೈಪಾಡ್ ಹೆಗಲಿಗೇರಿಸಿ ಬೆಳಗಿನ ಬಸ್ಸಿಗೆ ಹೊಳೆದಂಡೆಯ ಹಲವಾಗಲಿಗೆ ಹೊರಟುಬಿಡುತ್ತಿದ್ದರು. ರಜೆಗೆ ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಿಂದ ಬಂದಿದ್ದರೆ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ.

ಕಾಕಾ ಅಲ್ಲಿ ತೆಗೆಯುತ್ತಿದ್ದಂಥ ಫೋಟೋಕ್ಕೆ ಈಗಿನವರು ಲಾಂಗ್ ಎಕ್ಸ್‌ಪೋಜರ್ ಅನ್ನುತ್ತಾರೆ. ಲೆನ್ಸನ್ನು ತುಂಬ ಹೊತ್ತು ತೆರೆದಿಟ್ಟರೆ ಓಡುವ ನೀರೆಲ್ಲ ಒಂದರ ಮೇಲೊಂದು ಕೂತು ಫೋಟೋದಲ್ಲಿ ಹಾಲಿನ ಹಾಗೆ, ಮಂಜಿನ ಹಾಗೆ ಕಾಣುತ್ತದೆ. ಕಲ್ಲು ಮಾತ್ರ ಕಲ್ಲಾಗಿಯೇ ಇರುತ್ತದೆ. ಬೆಳಕು ಜಾಸ್ತಿಯಾದರೆ ಎಲ್ಲ ಬೆಳ್ಳಗಾಗಿಬಿಡುತ್ತದಲ್ಲ, ಅದಕ್ಕೆ ಕಾಕಾ ವೆಲ್ಡಿಂಗ್ ಅಂಗಡಿಯಿಂದ ಕಣ್ಣಿಗೆ ಹಿಡಿಯುವ ಕಪ್ಪು ಗಾಜು ತಂದು ಲೆನ್ಸಿನ ಮುಂದೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಲೆನ್ಸಿನ ಮುಚ್ಚಳ ತೆಗೆದು ಪಂಚಾಕ್ಷರಿ ಜಪ ಶುರು ಮಾಡುವುದು, ಬೆರಳ ಗೆರೆಗಳ ಮೇಲೆ ಎಣಿಕೆ ಮುಗಿದ ಕೂಡಲೇ ಮುಚ್ಚುವುದು. ಅಷ್ಟು ಹೊತ್ತು ಯಾರು ಮಾತಾಡಿಸಿದರೂ ಉತ್ತರವಿಲ್ಲ.

ಒಂದು ಸಲ ಜಪ ಅರ್ಧಕ್ಕೆ ಬಂದಿದೆ, ಎಮ್ಮೆಯೊಂದು ಸೀದಾ ನೀರಿಗಿಳಿಯಲು ಬಂತು. ಬಂದು ಮಲಗಿದರೆ ಮುಗಿಯಿತು, ಫೋಟೋದ ನಡುವೆ ಎಮ್ಮೆಯೇ! ಬಾಯಿ ಬಿಡುವಂತಿಲ್ಲ. ಕಾಕಾ ಮುಚ್ಚಳವನ್ನು ಅಪ್ಪನ ಕೈಗೆ ತುರುಕಿ, ಧೋತರ ಎತ್ತಿಕಟ್ಟಿ, ತುಟಿ ಅಲ್ಲಾಡಿಸುತ್ತಲೇ ದೊಡ್ಡ ಬಂಡೆಯ ಪಕ್ಕ ನೀರಿಗಿಳಿದು ಟವೆಲ್ ಬೀಸಿ ಅದನ್ನು ಓಡಿಸಿದರು. ಓಡಿ ಬಂದು ಮುಚ್ಚಳ ಹಾಕಿದರು.

"ಲೇ, ಫೋಟೋದಾಗ ನೀನೂ ಬಂದ್ಯಲ್ಲೋ!" ಅಂತ ಅಪ್ಪ ನಕ್ಕರು.

"ನಾ ಎಲ್ಲಿ ಬರ್ತೀನಿ? ನಿಂತಾವ ಬರ್ತಾನ. ಓಡಾಡಾವ ಕರಗಿ ಹೋಗ್ತಾನ. ಎಮ್ಮಿ ಬಂದಿದ್ರ ಮಾತ್ರ ಛಲೋ ಬರ್ತಿತ್ತು ನೋಡು, ನಿನ್ನಂಗ."

ಆ ಫೋಟೋ ಅದ್ಭುತವಾಗಿ ಬಂತು. ಐ ಸ್ಟಿಲ್ ಸೇ, ಅಂಥದ್ದು ನಾನು ಮತ್ತೆ ನೋಡಿಲ್ಲ. ಕಾಕಾ ಅದನ್ನು ದೊಡ್ಡದು ಮಾಡಿಸಿ, ಪಟ್ಟಿಪಟ್ಟಿಯಾಗಿ ಪ್ಲೈವುಡ್ಡಿಗೆ ಅಂಟಿಸಿ, ಸ್ಟುಡಿಯೋದಲ್ಲಿ ಜನ ಫೋಟೋಕ್ಕೆ ನಿಲ್ಲುವ ಜಾಗದ ಹಿಂದಿನ ಗೋಡೆಗೆ ನಿಲ್ಲಿಸಿದರು. ಅಲ್ಲಿದ್ದ ಹಳೆಯ ಪರದೆಯನ್ನು, ಅದರ ಮೇಲೆ ಬರೆದಿದ್ದ ಬಾತುಕೋಳಿ, ತಾಜಮಹಲು ಎಲ್ಲ ಸೇರಿಸಿ, ಸುತ್ತಿ ಅಟ್ಟಕ್ಕೆ ಹಾಕಿದರು.

ಆಮೇಲೆ ಶುರುವಾಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಕರೆತಂದ ಹಿರಿಯರು ಬಾಗಿಲಲ್ಲೇ ನಿಂತರು. "ಏನ್ರಿ ಇದು, ಸುಡುಗಾಡಿನ ಹೊಗಿ ಇದ್ದಂಗ ಐತಿ! ಹೊಸ ಮದುವಿ ಮಕ್ಕಳ್ನ ಹೊಗಿ ಮುಂದ ನಿಲ್ಲಿಸ್ತೀರೇನು?" ನದೀತೀರ, ಬೆಳ್ಳಗೆ ಹಬ್ಬಿದ್ದು... ಅವರಿಗೆ ಹೊಳೆದದ್ದು ಅದೊಂದೇ. ಮಾತು ಊರೆಲ್ಲ ಹರಡಿತು. ಜನ ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಸ್ಟುಡಿಯೋಕ್ಕೆ ಹೋಗತೊಡಗಿದರು. ಕಾಕಾ ಗೋಡೆಯಿಂದ ಹೊಳೆ ತೆಗೆಯಲಿಲ್ಲ. ಖಾಲಿ ಸ್ಟುಡಿಯೋದಲ್ಲಿ ಅದರ ಎದುರೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು.

ನನ್ನ ಡಿಗ್ರಿ ಮುಗಿದಿತ್ತು. ಹಡಗಲಿಯ ಒಂದು ಮನೆಯವರು ಹುಡುಗಿಯ ಫೋಟೋ ಕೇಳಿದ್ದರು. ಅವ್ವ ನನಗೆ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಹೋದವಳೇ, "ಅಣ್ಣಾರ, ಅದಕ್ಕ ಮೊದ್ಲು ಪರದಿ ಹಾಕ್ರಿ" ಅಂದಳು.

ನಾನು ಹೋಗಿ ಹೊಳೆಯ ಮುಂದೆ ನಿಂತೆ. "ನೋ. ನನ್ನ ಫೋಟೋ ಇಲ್ಲೇ ಆಗಬೇಕು."

ಕಾಕಾ ಅಳುಕಿದರು. "ಬ್ಯಾಡವ್ವ. ನಿನ್ನ ಮದುವಿ ತಪ್ಪಿದ್ರ ನಿಮ್ಮವ್ವ ನನ್ನ ಜೀವಂತ ಬಿಡಾಕಿಲ್ಲ."

"ನೀವ ಅಂಜಿದ್ರ ಹೆಂಗ ಕಾಕಾ? ಇದು ಹೊಗಿ ಏನು?"

"ನಿಮ್ಮಪ್ಪನಾಣಿ, ಹೊಳಿ!"

"ಮತ್ತ ತಗೀರಿ."

ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅದನ್ನೂ ಸೇರಿಸಿ ಮಾತಾಡಿದಳು. "ಇಂಗ್ಲಿಷ್ ಕಲಿತು ಮಗಳು ಹೊಗಿ ಮುಂದ ನಿಂತಳು!" ಫೋಟೋ ಹಡಗಲಿಗೆ ಹೋಯಿತು. ಅಲ್ಲಿಂದ ಸುದ್ದಿಯಿಲ್ಲ. ದೀಪಾವಳಿ ಬಂತು, ಹೋಯಿತು. ಕಾಕಾ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟರು... ನನಗೆ ಅವ್ವನ ಸಿಟ್ಟಿಗಿಂತ ಅದು ಹೆಚ್ಚು ನೋಯಿಸಿತು.

ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಹುಡುಗನ ತಾಯಿಯೇ ಬಂದರು. ಕೈಯಲ್ಲಿ ನನ್ನ ಫೋಟೋ. ನನ್ನ ಮುಖ ನೋಡುವುದಕ್ಕೂ ಮೊದಲು ಕೇಳಿದರು: "ಇದು ಹಲವಾಗಲ ಹೊಳಿ ಹೌದಲ್ರಿ? ಈ ಬಂಡೆಗಲ್ಲ ಮ್ಯಾಲೆ ನಾವು ಅಕ್ಕತಂಗೇರು ಬಟ್ಟಿ ಒಗಿತಿದ್ವಿ. ನನ್ನ ತವರುಮನಿ ಅದು."

ಅವ್ವ ಮೆಲ್ಲಗೆ, "ಮಂದಿ ಹೊಗಿ ಅಂತಾರ್ರಿ..." ಅಂದಳು.

"ಹೊಗಿ? ಎಂಥಾ ಹೊಗಿ? ಹೊತ್ತು ಮೂಡೋ ಮೊದ್ಲ ನಮ್ಮವ್ವ ಎಬ್ಬಿಸಿ ನೀರಿಗೆ ಕಳಿಸ್ತಿದ್ಲು. ನಿದ್ದಿಗಣ್ಣಾಗ ಹೊಳಿ ಹಿಂಗ ಕಾಣತಿತ್ತು ನೋಡ್ರಿ."

ಆ ಮಾತನ್ನು ನಾನೇ ಓಡಿಹೋಗಿ ಕಾಕಾಗೆ ಮುಟ್ಟಿಸಿದೆ. ಅವರು ಸ್ಟೂಲಿನಿಂದ ಏಳಲಿಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಇನ್ನೊಮ್ಮೆ ಹೇಳವ್ವ" ಅಂದರು. ಇನ್ನೊಮ್ಮೆ ಹೇಳಿದೆ.

ನಮ್ಮ ಮದುವೆಯ ಜೋಡಿ ಫೋಟೋವೂ ಅದರ ಮುಂದೆಯೇ ಆಯಿತು. ನಮ್ಮತ್ತೆ ಬೀಗರಿಗೆಲ್ಲ "ಇದು ನನ್ನ ತವರ ಹೊಳಿ" ಅಂತ ತೋರಿಸಿದರು. ಮುಂದೆ ಕೆಲವರು ಬಂದು ನಿಂತರು. ಕೆಲವರು ಕಡೆಯತನಕ ತಾಜಮಹಲೇ ಬೇಕೆಂದರು, ಕಾಕಾ ಗೊಣಗುತ್ತ ಅಟ್ಟದಿಂದ ಇಳಿಸಿಕೊಟ್ಟರು.

ಅವರು ಹೋಗಿ ಬಹಳ ವರ್ಷವಾಯಿತು. ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಪ್ಲೈವುಡ್ಡಿನ ಹೊಳೆಯನ್ನು ಗೆದ್ದಲು ತಿಂದಿತಂತೆ.

ವಿನೆಗರ್ ವಾಸನೆ ಹೊತ್ತ ಆ ಸಂಜೆ ಟ್ರಂಕಿನಿಂದ ನನ್ನ ಫೋಟೋ ತೆಗೆದೆ. ಮೊಮ್ಮಗಳು ತನ್ನ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ನೀರು ಹೀಗೇ ಬರುತ್ತದೆ ಎಂದು ತೋರಿಸಿದಳು. ವೆರಿ ನೈಸ್, ಅಂದೆ. ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಅವಳು ನನ್ನ ಹಳೆಯ ಫೋಟೋದ ಮೇಲೆ ಬಾಗಿದಳು.

"ಅಜ್ಜಿ, ನಿನ್ನ ಭುಜದ ಹಿಂದೆ, ಬಂಡೆ ಪಕ್ಕ ಏನೋ ಬೆಳ್ಳಗೆ ಕಲೆ ಇದೆ. ಸ್ಕ್ಯಾನ್ ಮಾಡಿ ರಿಮೂವ್ ಮಾಡ್ಲಾ?"

ಭೂತಕನ್ನಡಿ ಹಿಡಿದು ನೋಡಿದೆ. ಬಿಳಿ ಧೋತರದ ಮಸುಕು, ಅದರ ಮೇಲೆ ಎಮ್ಮೆಗೆ ಬೀಸಿದ ಟವೆಲ್ಲಿನದೇ ಇರಬೇಕು, ಒಂದು ತೆಳು ಗೆರೆ. ಊರಿನವರೆಲ್ಲರ ಫೋಟೋ ತೆಗೆದ ಮನುಷ್ಯನನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ...

"ಮುಟ್ಟಬೇಡ," ಅಂದೆ. "ಅವರು ನಮ್ಮ ಸ್ಟುಡಿಯೋ ಕಾಕಾ."