ಬಷೀರನ ಹೆಸರಿನ ಟ್ರಂಕು

ಇಲ್ಲ... ಟೈಪ್ ಮಾಡುತ್ತಿದ್ದರೂ ನಂಬಿಕೆ ಬರುತ್ತಿಲ್ಲ.
ಮೊನ್ನೆ ಭಾನುವಾರ ಫೋನಿನಲ್ಲಿ, "ಲೇ ತಿಪ್ಪೇಶಾ, ರಾಯದುರ್ಗದ ಕಡೆ ಒಂದು ಟಾಕೀಸು ಮುಚ್ತಾರಂತೆ, ಹಳೇ ಸ್ಲೈಡ್ ಸಿಗ್ತಾವೆ, ಬರ್ತೀಯಾ?" ಅಂದವನು...
ಇವತ್ತು ಬೆಳಿಗ್ಗೆ ಹೋಗಿಬಿಟ್ಟ.
ಹಾರ್ಟ್ ಅಟ್ಯಾಕ್.
ಐವತ್ತೂ ತುಂಬಿರಲಿಲ್ಲ.

ಗ್ರೂಪಿನ ಗೆಳೆಯರೇ, ನಮ್ಮ ಚಳ್ಳಕೆರೆ ಬಷೀರ್ ಇನ್ನಿಲ್ಲ.
ಹಳೇ ಸಿನಿಮಾ ಪೋಸ್ಟರಿನ ಫೋಟೊ ಹಾಕಿ, ಕೆಳಗೆ "ನೋಡಿ, ಹೊಟ್ಟೆ ಉರ್ಕೊಳ್ಳಿ" ಅಂತ ಬರೆಯುತ್ತಿದ್ದನಲ್ಲ... ಅವನೇ.
ಎಣ್ಣೆ ಮಿಲ್ಲುಗಳ ಮೋಟಾರು ರಿಪೇರಿ ಅವನ ಕಸುಬು. ಕೈ ತುಂಬಾ ಗ್ರೀಸು.
ಆದರೆ ಒಂದು ಹಾಡಿನ ಪುಸ್ತಕ ಮುಟ್ಟಬೇಕಾದರೂ ಎರಡು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದ.

ನಮ್ಮ ಸ್ನೇಹ ಶುರುವಾಗಿದ್ದು ಜಗಳದಿಂದ.
ತೊಂಬತ್ತರ ದಶಕದಲ್ಲಿ ನಮ್ಮ ಮೊಳಕಾಲ್ಮೂರಿನ ಟೆಂಟ್ ಟಾಕೀಸು ಎತ್ತಿದರು. ಸಾಮಾನೆಲ್ಲ ಹರಾಜು. ಕೈಯಲ್ಲೇ ಬಣ್ಣ ಬಳಿದ ಒಂದು ದೊಡ್ಡ ಪೋಸ್ಟರಿಗೆ ನಾನೂ ಕೂಗಿದೆ, ಅವನೂ ಕೂಗಿದ. ನನ್ನ ಪಾತ್ರೆ ಅಂಗಡಿಯ ಒಂದು ತಿಂಗಳ ಲಾಭದಷ್ಟು ಕೊಟ್ಟು ಅವನೇ ಒಯ್ದ!
ಆಮೇಲೆ ಬಸ್ ಸ್ಟಾಂಡಿನಲ್ಲಿ ನೋಡಿದರೆ... ಆ ಸುರುಳಿ ತಬ್ಬಿಕೊಂಡು ಬೆವರುತ್ತಾ ನಿಂತಿದ್ದಾನೆ. ಆಗಲೇ ಎರಡು ಬಸ್ಸು ಬಿಟ್ಟಿದ್ದ.
"ಮನೆಗೆ ಹೆಂಗ್ ತಗೊಂಡು ಹೋಗ್ಲಿ? ಮಿಕ್ಸಿ ತರ್ತೀನಿ ಅಂತ ಹೇಳಿ ಬಂದೀನಿ."
ನಾನೇ ದಾರಿ ಹೇಳಿಕೊಟ್ಟೆ.
"ದುಡ್ಡು ಮಿಲ್ಲಿನೋರು ಇನ್ನೂ ಕೊಟ್ಟಿಲ್ಲ ಅನ್ನು. ಇದು ಮೊಳಕಾಲ್ಮೂರು ತಿಪ್ಪೇಶಂದು, ಜೋಪಾನವಾಗಿ ಇಟ್ಕೊ ಅಂದಾನೆ ಅನ್ನು."
"ನೀನು ತಗೊಂಡಿದ್ದಕ್ಕೆ?"
"ಬಷೀರಂದು ಅಂತೀನಿ."

ಹದಿನೈದು ವರ್ಷ ಇದೇ ಆಟ ನಡೆಯಿತು.
ಅವನ ಬೀರುವಿನಲ್ಲಿದ್ದ ಪೋಸ್ಟರು, ಫೋಟೊ ಸೆಟ್ಟು, ಗಾಜಿನ ಸ್ಲೈಡು... ಎಲ್ಲಾ "ತಿಪ್ಪೇಶಂದು".
ನಮ್ಮ ಅಟ್ಟದ ಮೇಲಿನ ಟ್ರಂಕು "ಬಷೀರಣ್ಣಂದು".
ಅವನ ಹೆಂಡತಿ ಶಮೀಮ್ ಭಾಭಿಗೆ ನನ್ನ ಹೆಂಡತಿ ಗಿರಿಜೆಯ ಮೇಲೆ ಕನಿಕರ. ಗಿರಿಜೆಗೆ ಭಾಭಿಯ ಮೇಲೆ ಕನಿಕರ.
ರಂಜಾನಿಗೆ ಶೀರ್ ಖುರ್ಮಾ ಕಳಿಸುವಾಗ ಭಾಭಿ, "ಪಾಪ, ಅಂಥ ಹುಚ್ಚನ್ನ ಕಟ್ಕೊಂಡು ಆಯಮ್ಮ ಹೆಂಗ್ ಬಾಳ್ತಾಳೋ" ಅನ್ನುತ್ತಿದ್ದರಂತೆ. ಯುಗಾದಿಗೆ ಹೋಳಿಗೆ ಕಟ್ಟಿಕೊಡುವಾಗ ಗಿರಿಜೆಯದೂ ಅದೇ ಮಾತು.
ನಾವಿಬ್ಬರೂ ಚಳ್ಳಕೆರೆ ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಇದನ್ನೇ ಹೇಳಿಕೊಂಡು ನಗುತ್ತಿದ್ದೆವು... ಟೀ ಆರಿ ತಣ್ಣಗಾಗುವವರೆಗೂ.

ಬಷೀರಾ...
ಇವತ್ತು ನಗೋಕೆ ಯಾರೂ ಇರಲಿಲ್ಲ ಕಣೋ.
ನಿನ್ನ ಮನೆ ಮುಂದೆ ಅಷ್ಟು ಜನ. ನನಗೆ ಬೇಕಾದವನು ನೀನೊಬ್ಬ. ನೀನು ಮಲಗಿಬಿಟ್ಟಿದ್ದೆ.
ಜನಾಜಾ ಎತ್ತುವ ಮೊದಲು, ನಿಮ್ಮಲ್ಲಿನ ಪದ್ಧತಿಯಂತೆ, ನಿಮ್ಮಣ್ಣ ಎಲ್ಲರನ್ನೂ ಕೇಳಿದರು...
"ಯಾರ್ದಾದ್ರೂ ಅಮಾನತ್, ಜೋಪಾನ ಮಾಡು ಅಂತ ಕೊಟ್ಟ ಸಾಮಾನು, ಇವನ ಹತ್ರ ಉಳಿದಿದ್ರೆ ಈಗ್ಲೇ ಹೇಳ್ರಿ. ಬೇರೇವ್ರ ವಸ್ತು ಹೊರ್ಸಿ ಕಳಿಸ್ಬಾರ್ದು."
ಒಳಗಿನಿಂದ ನನಗೆ ಕರೆ ಬಂತು. ಬಾಗಿಲ ಪರದೆಯ ಆಚೆ ಭಾಭಿ.
"ತಿಪ್ಪೇಶ್ ಭಾಯ್, ನಿಮ್ ಸಾಮಾನೆಲ್ಲಾ ಬೀರುನಾಗೆ ಐತೆ. ಒಂದು ಹಾಳೆ ಹರಿದಿಲ್ಲ, ನಾನೇ ಧೂಳು ಹೊಡ್ದು ಇಟ್ಟೀನಿ. ಅವ್ರನ್ನ ಎತ್ತೋದ್ರೊಳಗೆ 'ನಂದು ನಂಗೆ ಸಿಕ್ತು' ಅಂತ ಒಂದು ಮಾತು ಹೇಳ್ಬಿಡ್ರಿ."

ಸುಳ್ಳು ಹೇಳಲ್ಲ ಬಷೀರಾ.
ಒಂದು ಕ್ಷಣ... ಒಂದೇ ಕ್ಷಣ... ಆ ಟೆಂಟ್ ಟಾಕೀಸಿನ ಪೋಸ್ಟರು ಕಣ್ಣ ಮುಂದೆ ಬಂತು.
ಹೂಂ ಅಂದಿದ್ದರೆ ಅದು ನನ್ನದಾಗುತ್ತಿತ್ತು. ನಿನ್ನ ಗುಟ್ಟೂ ಉಳಿಯುತ್ತಿತ್ತು.
ಆದರೆ ಇಲ್ಲದ ಅಮಾನತ್ ಒಂದನ್ನು ನಿನ್ನ ಹೆಸರಿಗೆ ಬಿಟ್ಟು, ಹೆಗಲು ಕೊಡೋಕೆ ಮನಸ್ಸು ಬರಲಿಲ್ಲ.
"ಭಾಭಿ... ಅದು ನಂದಲ್ಲ. ಒಂದೂ ನಂದಲ್ಲ. ಎಲ್ಲಾ ಅವನ್ದೇ."
ಪರದೆಯ ಆಚೆಯಿಂದ ಭಾಭಿ...
"ಆ ಮಿಕ್ಸಿ ದುಡ್ಡೂ ಇದಕ್ಕೇ ಹೋಗಿತ್ತಾ?"
"ಹೂಂ. ಸುಳ್ಳು ಹೇಳ್ಕೊಟ್ಟಿದ್ದು ನಾನು."
ಬಯ್ಯುತ್ತಾರೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.
ಆದರೆ ಭಾಭಿ ಅಂದಿದ್ದು...
"ಬೆಳಿಗ್ಗೆಯಿಂದ ಹುಡುಕ್ತಿದ್ದೆ ಭಾಯ್. ಅವರ್ದು ಅಂತ ಮನೇಲಿ ನಾಲ್ಕು ಅಂಗಿ, ಒಂದು ಸ್ಪ್ಯಾನರ್ ಸೆಟ್ಟು. ಅಷ್ಟೇನಾ ಅನ್ಕೊಂಡಿದ್ದೆ... ಇಷ್ಟೊಂದು ಬಿಟ್ಟು ಹೋಗ್ಯಾರಾ?"
ನಕ್ಕರೋ, ಅತ್ತರೋ... ಈಚೆ ನಿಂತ ನನಗೆ ತಿಳಿಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲೇ ಗಿರಿಜೆಯ ಫೋನು.
"ಬಷೀರಣ್ಣನ ಟ್ರಂಕು ಇಳ್ಸಿ, ಒರ್ಸಿ, ಬಾಗ್ಲ ಹತ್ರ ಇಟ್ಟೀನ್ರಿ. ನಾಳೆನೇ ಆಯಮ್ಮಂಗೆ ಮುಟ್ಟಿಸ್ಬಿಡ್ರಿ. ಅವ್ರ ವಸ್ತು ನಮಗ್ಯಾಕೆ?"
ಹೂಂ ಅಂತ ಫೋನ್ ಇಟ್ಟುಬಿಟ್ಟೆ.
ಊರಿಗೆ ಬಂದರೂ ಮನೆಗೆ ಹೋಗಿಲ್ಲ. ಈ ಸೈಬರ್ ಸೆಂಟರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಹೆಸರು ಹೇಳಿ ಹೇಳಿ ಅಭ್ಯಾಸವಾಗಿಬಿಟ್ಟಿತ್ತು ಕಣೋ...
ಇನ್ನು ಯಾರ ಹೆಸರು ಹೇಳಲಿ?
ಹರಿದ ಪೋಸ್ಟರೊಂದು ಸಿಕ್ಕರೆ ಯಾರಿಗೆ ಫೋನ್ ಮಾಡಲಿ? ಈ ಎರಡು ತಾಲ್ಲೂಕಿನಲ್ಲಿ ನನ್ನ ಹುಚ್ಚು ಅರ್ಥವಾಗುತ್ತಿದ್ದವನು ನೀನೊಬ್ಬ.
ಒಬ್ಬಂಟಿಯಾಗಿಬಿಟ್ಟೆ.

ಸೆಂಟರಿನವರು ಟೈಮ್ ಆಯ್ತು ಅನ್ನುತ್ತಿದ್ದಾರೆ.
ಎದ್ದು ಹೋಗುತ್ತೇನೆ. ಗಿರಿಜೆಗೆ ಹೇಳುತ್ತೇನೆ, ಆ ಟ್ರಂಕು ನಂದು ಅಂತ.

ಹೋಗಿ ಬಾ ಬಷೀರಾ... ನಿನ್ನ ಜೀವ ತಣ್ಣಗಿರಲಿ.
ಅಲ್ಲಿ ಯಾರಾದರೂ ಕೇಳಿದರೆ...
ನಿಂದನ್ನ ನಿಂದೇ ಅನ್ನು.